ಮಾವನ ಬೆಲ್ಲದ ಮಂಡಿ ಲೆಕ್ಕ, ಮೇನ್‌ಫ್ರೇಮ್ ಮೇಲೆ: ಕ್ಯೂಎಮು ಜೊತೆ ಎರಡು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಇದು ಅಗತ್ಯಕ್ಕೆ ಮಾಡಿದ್ದಲ್ಲ, ಹುಚ್ಚಿಗೆ ಮಾಡಿದ್ದು. ಮಂಡ್ಯದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ನಮ್ಮ ಸೋದರಮಾವನ ಹಳೇ ಲೆಕ್ಕವೆಲ್ಲ ಡಾಸ್ (ಬರೀ ಅಕ್ಷರದ ಪರದೆಯ ಹಳೇ ಆಪರೇಟಿಂಗ್ ಸಿಸ್ಟಮ್, ಅಂದರೆ ಓಎಸ್) ಕಾಲದ, ಫಾಕ್ಸ್‌ಪ್ರೋ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್‌ನ ಒಂದು ಪ್ರೋಗ್ರಾಮ್‌ನಲ್ಲಿದೆ. ಅಚ್ಚು, ಬಕೆಟ್, ಕುರಿಕಟ್ಟು ಅಂತ ಒಂದೊಂದು ಬಗೆಯ ಬೆಲ್ಲಕ್ಕೂ ಬೇರೆ ಬೇರೆ ಕಾಲಮ್ಮು. ಲ್ಯಾಪ್‌ಟಾಪ್‌ಗೆ, ಡಾಸ್ ಪ್ರೋಗ್ರಾಮ್ ಓಡಿಸುವ ಡಾಸ್‌ಬಾಕ್ಸ್ ಹಾಕಿಕೊಂಡರೆ ಐದು ನಿಮಿಷದ ಕೆಲಸ. ನಾನು ಮಾತ್ರ ಕುವೆಂಪುನಗರದ ಮನೆಯಲ್ಲಿ ಕೂತು, ಎಲ್ಲೋ ದೂರದ ಐಬಿಎಂ ಮೇನ್‌ಫ್ರೇಮ್‌ಗೆ (ದೊಡ್ಡ ಸಂಸ್ಥೆಗಳು ಇಟ್ಟುಕೊಳ್ಳುವ ಭಾರಿ ಕಂಪ್ಯೂಟರ್) ಎಸ್‌ಎಸ್‌ಎಚ್ ಮಾಡಿ, ಅಂದರೆ ಟರ್ಮಿನಲ್‌ನಿಂದ ಲಾಗಿನ್ ಆಗಿ, ಅಲ್ಲಿನ ಲಿನಕ್ಸ್ ಮೇಲೆ ಪಿಸಿಯಂತೆ ನಟಿಸುವ ಕ್ಯೂಎಮು ಅನ್ನೋ ಪ್ರೋಗ್ರಾಮ್ ಓಡಿಸಿ, ಅದರೊಳಗೆ ಡಾಸ್‌ನಂಥದೇ ಉಚಿತ ಓಎಸ್ ಫ್ರೀಡಾಸ್ ಎಬ್ಬಿಸಿ, ಆಮೇಲೆ ಮಾವನ ಲೆಕ್ಕ ತೆಗೆಯುತ್ತೇನೆ.

ಕ್ಯೂಎಮು ಉಚಿತ. 2003ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ಡ್ ಶುರು ಮಾಡಿದ್ದು. ಪಿಸಿಯ ಆಜ್ಞೆಗಳನ್ನು ಗುಂಪು ಗುಂಪಾಗಿ ಮೇನ್‌ಫ್ರೇಮ್‌ನ ಆಜ್ಞೆಗಳಾಗಿ ಬದಲಾಯಿಸಿ, ಬದಲಾಯಿಸಿದ್ದನ್ನು ನೆನಪಿಟ್ಟುಕೊಂಡು ಓಡಿಸುತ್ತದೆ. ‘ಮೇನ್‌ಫ್ರೇಮ್ ಅಂದ್ರೆ ರಾಕೆಟ್ ತರ ಓಡುತ್ತಲ್ವಾ’ ಅಂತ ಕೇಳುವವರಿಗೆ: ಇಲ್ಲ. ಅಲ್ಲೂ ಕೆವಿಎಂ (ಒಳಗಿನ ಓಎಸ್ ಅನ್ನು ಅನುವಾದವಿಲ್ಲದೆ ಸೀದಾ ಪ್ರೊಸೆಸರ್ ಮೇಲೇ ಓಡಿಸುವ ಸೌಲಭ್ಯ) ಇದೆ, ಆದರೆ ಅದರ ವೇಗ ಸಿಗೋದು ಮೇನ್‌ಫ್ರೇಮ್ ಭಾಷೆಯದೇ ಓಎಸ್‌ಗೆ. ಪಿಸಿ ಓಎಸ್‌ಗೆ ಈ ಅನುವಾದದ ದಾರಿ ಒಂದೇ. ಒಮ್ಮೆ ವಿಂಡೋಸ್ 98 ಹಾಕಿ ನೋಡಿದೆ. ಡೆಸ್ಕ್‌ಟಾಪ್ ಬರುವ ಹೊತ್ತಿಗೆ ಕಾಫಿ ಮಾಡಿ ಕುಡಿದಾಗಿತ್ತು. ಮೌಸ್ ನಾನು ಎಳೆದ ಮೇಲೆ ಯೋಚನೆ ಮಾಡಿ ಹೊರಡುತ್ತಿತ್ತು. ಅದನ್ನು ಅಲ್ಲಿಗೇ ಬಿಟ್ಟೆ.

ಡಾಸ್ ಮಾತ್ರ ಚೆನ್ನಾಗಿ ಒಗ್ಗಿತು. ಕ್ಯೂಎಮುಗೆ ‘ಕರ್ಸಸ್’ ಡಿಸ್‌ಪ್ಲೇ ಅಂತ ಹೇಳಿದರೆ ಡಾಸ್‌ನ ಅಕ್ಷರದ ಪರದೆ ಸೀದಾ ನನ್ನ ಟರ್ಮಿನಲ್‌ನಲ್ಲೇ ಮೂಡುತ್ತದೆ. ಚಿತ್ರ ಕಳಿಸುವ ರಗಳೆ ಇಲ್ಲ. ಮನೆಯ ಇಂಟರ್‌ನೆಟ್ ಮಳೆ ಬಂದರೆ ತೂಕಡಿಸುವ ಜಾತಿಯದು, ಅದರ ಮೇಲೂ ನಡೆಯುತ್ತದೆ. ಎಫ್10 ಒತ್ತಿದರೆ ಮಾತ್ರ ಫಾಕ್ಸ್‌ಪ್ರೋ ಮೆನು ಬದಲು ನನ್ನ ಟರ್ಮಿನಲ್ಲಿನ ಮೆನು ತೆರೆದುಕೊಳ್ಳುತ್ತಿತ್ತು. ಸೆಟ್ಟಿಂಗ್ ಹುಡುಕಿ ಆಫ್ ಮಾಡಿದೆ.

ನಿಜವಾದ ತಲೆನೋವು ಬೇರೆ. ಹಳೇ ಫಾಕ್ಸ್‌ಪ್ರೋ ಶುರುವಾಗುವಾಗ ಒಂದು ಖಾಲಿ ಲೂಪ್ ತಿರುಗಿಸಿ ಯಂತ್ರದ ವೇಗ ಅಳೆಯುತ್ತದೆ. ಯಂತ್ರ ತೀರಾ ವೇಗವಾಗಿದ್ದರೆ ಆ ಲೆಕ್ಕ ಕೆಟ್ಟು, ಭಾಗಾಕಾರದ ತಪ್ಪು ಅಂತ ಹೇಳಿ ನಿಂತುಬಿಡುತ್ತದೆ. ಇಲ್ಲೂ ನಿಂತಿತು. ನಿಧಾನ ಅಂತ ಬೈದ ಅನುವಾದವೂ ಅದಕ್ಕೆ ಜಾಸ್ತಿ ವೇಗವಾಯಿತು ನೋಡಿ! ಆಗ ಕೈಹಿಡಿದದ್ದು ‘ಐಕೌಂಟ್’ ಅನ್ನೋ ಆಯ್ಕೆ. ಗಡಿಯಾರವನ್ನು ಆಜ್ಞೆಗಳ ಎಣಿಕೆಗೆ ಕಟ್ಟಿಹಾಕುತ್ತದೆ. ಅದರ ‘ಶಿಫ್ಟ್’ ಅನ್ನೋ ಬೆಲೆಗೆ 7 ಕೊಟ್ಟರೆ (ಎರಡನ್ನು ಏಳು ಸಲ ಗುಣಿಸಿದಷ್ಟು) ಒಂದು ಆಜ್ಞೆಗೆ 128 ನ್ಯಾನೋಸೆಕೆಂಡ್. ಅಂದರೆ ಡಾಸ್ ಕಣ್ಣಿಗೆ ಸೆಕೆಂಡಿಗೆ 80 ಲಕ್ಷಕ್ಕೂ ಕಡಿಮೆ ಆಜ್ಞೆಯ ಪಾಪದ ಯಂತ್ರ. ಫಾಕ್ಸ್‌ಪ್ರೋ ತೆಪ್ಪಗೆ ತೆರೆಯಿತು.

ಖುಷಿ ಒಂದೇ ದಿನ. ಪರೀಕ್ಷೆಗೆ ಅಂತ ಒಂದು ಬಿಲ್ ಹಾಕಿದರೆ ನಾಳೆಯ ತಾರೀಕು ಬಿತ್ತು. ಡಾಸ್ ಸುಮ್ನೆ ಕೂರುವ ಪೈಕಿ ಅಲ್ಲ, ಕೀ ಒತ್ತುವುದನ್ನು ಕಾಯುವಾಗಲೂ ಸುತ್ತುತ್ತಲೇ ಇರುತ್ತದೆ. ಆಜ್ಞೆ ಓಡಿದಷ್ಟೂ ಗಡಿಯಾರವೂ ಓಡಿದೆ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಅಲ್ಲಿ ದಿನ ಕಳೆದಿತ್ತು. ಐಕೌಂಟ್‌ನದೇ ‘ಅಲೈನ್’ ಅನ್ನೋ ಆಯ್ಕೆ ಆನ್ ಮಾಡಿದ ಮೇಲೆ ಹೊರಗಿನ ಗಡಿಯಾರದ ಜೊತೆ ಹೆಜ್ಜೆ ಹಾಕುತ್ತಿದೆ. ಇದಕ್ಕೆ ಎರಡು ಭಾನುವಾರ ಹೋಯಿತು.

ಇನ್ನೊಂದು ಪೆಟ್ಟು ನಾನೇ ತಂದುಕೊಂಡಿದ್ದು. ಫಾಕ್ಸ್‌ಪ್ರೋ ದಾಖಲೆಗಳಿರುವ ಡಿಬಿಎಫ್ ಕಡತವನ್ನು ಲಿನಕ್ಸ್ ಕಡೆಯಿಂದಲೇ ಓದೋಣ ಅಂತ ಚಿಕ್ಕ ಸಿ ಪ್ರೋಗ್ರಾಮ್ ಬರೆದೆ. ಅಲ್ಲಿದ್ದ ದಾಖಲೆ 1,482. ನನ್ನ ಪ್ರೋಗ್ರಾಮ್ ಹೇಳಿದ್ದು 338 ಕೋಟಿ. ಜಿಲ್ಲೆಯ ಕಬ್ಬನ್ನೆಲ್ಲ ಅರೆದರೂ ಅಷ್ಟು ಬಿಲ್ ಆಗಲ್ಲ. ಪಿಸಿ ಸಂಖ್ಯೆಯಲ್ಲಿ ಕಡಿಮೆ ಬೆಲೆಯ ಬೈಟನ್ನು ಮೊದಲು ಬರೆಯುತ್ತದೆ, ಮೇನ್‌ಫ್ರೇಮ್ ಹೆಚ್ಚು ಬೆಲೆಯದನ್ನು. ನಾನು ತಿರುಗಿಸದೆ ಓದಿದ್ದೆ. ಕ್ಯೂಎಮು ಒಳಗೆ ಈ ತಿರುಗಿಸುವ ಕೆಲಸ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಬೈಟ್ ತಿರುಗಿಸಿಕೊಂಡೇ ಓದುವ ಆಜ್ಞೆ ಆ ಪ್ರೊಸೆಸರ್‌ನಲ್ಲೇ ಇದೆಯಂತೆ ಅಂತ ಗೊತ್ತಾದಾಗ ಅದರ ಮೇಲೆ ಸ್ವಲ್ಪ ಗೌರವ ಬಂತು.

ನನಗೆ ಸಿಕ್ಕಿರುವುದು ಕಲಿಯುವವರಿಗೆ ಅಂತ ಕೊಡುವ ಜಾಗ, 120 ದಿನಕ್ಕೆ ಅವಧಿ ಮುಗಿಯುತ್ತದೆ. ಮೊದಲ ಸಲ ತಾರೀಕು ಮರೆತು ಎಲ್ಲ ಕಳಕೊಂಡೆ. ಈಗ ಡಿಸ್ಕ್ ಇಮೇಜ್‌ನ ಒಂದು ನಕಲು ಯಾವಾಗಲೂ ಮನೆಯಲ್ಲಿರುತ್ತದೆ. ದಿನದ ವ್ಯವಹಾರ ಇದರ ಮೇಲೆ ಇಡಬೇಡಿ. ಹಳೆಯದನ್ನು ತೆಗೆದು ನೋಡೋಕೆ, ಕಂಪ್ಯೂಟರ್ ಹೊಟ್ಟೆಯೊಳಗೆ ಏನಾಗುತ್ತೆ ಅಂತ ಕಲಿಯೋಕೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿತ ಆ ವಿಂಡೋಸ್ 98ಕ್ಕೆ.

ಪ್ರಿಂಟರ್ ಪೋರ್ಟನ್ನು ಒಂದು ಕಡತಕ್ಕೆ ತಿರುಗಿಸಬಹುದು, ಅದು ಮೊದಲ ದಿನದಿಂದ ಕೈಕೊಟ್ಟಿಲ್ಲ. ಆ ಕಡತದಲ್ಲಿ ಪ್ರತಿ ಪುಟದ ತಲೆಗೆ 15ನೇ ಸಂಖ್ಯೆಯ, ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಡಾಟ್ ಮ್ಯಾಟ್ರಿಕ್ಸ್‌ಗೆ ‘ಸಣ್ಣಕ್ಷರದಲ್ಲಿ ಹೊಡಿ’ ಅಂತ ಹೇಳುವ ಸಂಕೇತ. ಕಳೆದ ದಸರಾಕ್ಕೆ ಮಾವ ಬಂದಾಗ 1999ರ ಒಂದು ಪುಟ ತೆಗೆದು ಕೊಟ್ಟೆ. ಮೇನ್‌ಫ್ರೇಮ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಕೆಳಗಿನವರೆಗೂ ಓದಿ, ‘ಇವನು ಇನ್ನೂ ಬಾಕಿ ಕೊಟ್ಟಿಲ್ಲ ಕಣೋ’ ಅಂದರು.