ಮೀನಿನ ಮಿದುಳು ಹೇಗೆ ಬೆಳೆಯುತ್ತದೆ ಅಂತ ತಿಳಿಯಬೇಕಾ? ಝಡ್‌ಫಿನ್ ನೋಡಿ

ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ ಪುಟ್ಟ ಝೀಬ್ರಾಮೀನಿನ ಜೀನ್‌ಗಳ ಬಗ್ಗೆ ಏನೇ ಬೇಕಿದ್ದರೂ ನಾನು ಮೊದಲು ತೆರೆಯುವುದು ಝಡ್‌ಫಿನ್ (ZFIN, ಝೀಬ್ರಾಫಿಶ್ ಇನ್ಫರ್ಮೇಶನ್ ನೆಟ್‌ವರ್ಕ್). ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರು ನಡೆಸುವ ಡೇಟಾಬೇಸ್ ಇದು, ದುಡ್ಡು ಕೊಡಬೇಕಿಲ್ಲ. ಸಾವಿರಾರು ಸಂಶೋಧನಾ ಲೇಖನಗಳಲ್ಲಿ ಚದುರಿಹೋದ ಮಾಹಿತಿಯನ್ನು ಪರಿಣತರು ಓದಿ, ಒಂದೊಂದು ಜೀನ್‌ಗೂ ಒಂದು ಪುಟ ಮಾಡಿ ಜೋಡಿಸಿಟ್ಟಿದ್ದಾರೆ. ನನ್ನ ಕಡೆಯಿಂದ ನಾಲ್ಕೂವರೆ ಸ್ಟಾರ್.

ಈ ಮೀನಿನ ನರಮಂಡಲ ಗಂಟೆಗಳ ಲೆಕ್ಕದಲ್ಲಿ ಬೆಳೆಯುತ್ತದೆ. 28.5 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಇಟ್ಟರೆ, ಮೊಟ್ಟೆ ಫಲಿತವಾದ ಸುಮಾರು 10 ಗಂಟೆಗಳಲ್ಲಿ ನರಮಂಡಲವಾಗಲಿರುವ ಕೋಶಗಳ ಮೊದಲ ಹಾಳೆ ಸಿದ್ಧ. 24 ಗಂಟೆಗೆಲ್ಲ ಮಿದುಳಿನ ಮುಂಭಾಗ, ನಡುಭಾಗ, ಹಿಂಭಾಗ ಬೇರೆಬೇರೆ ಕಾಣುತ್ತವೆ. ಹಾಗಾಗಿ ಒಂದು ಜೀನ್ ಎಲ್ಲಿ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಸಾಲದು, ಯಾವಾಗ ಅನ್ನೋದೂ ಬೇಕು, ಅಲ್ವಾ? ಇಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ.

ಮಿಬ್1 ಜೀನ್‌ನ ಪುಟವನ್ನಂತೂ ಬಿಡಲೇಬೇಡಿ. ಈ ಜೀನ್ ಕೆಟ್ಟುಹೋದ ಮೀನಿಗೆ ಮೈಂಡ್ ಬಾಂಬ್ ಅಂತ ಹೆಸರು, 1996ರಲ್ಲಿ ಪ್ರಕಟವಾದ ದೊಡ್ಡ ಮ್ಯುಟೇಶನ್ (ಜೀನ್‌ನಲ್ಲಾಗುವ ಬದಲಾವಣೆ) ಹುಡುಕಾಟದಲ್ಲಿ ಸಿಕ್ಕಿದ್ದು. ಸಾಮಾನ್ಯವಾಗಿ, ನರಕೋಶ ಆಗಲು ಹೊರಟ ಕೋಶವೊಂದು ತನ್ನ ಮೈಮೇಲಿನ ಡೆಲ್ಟಾ ಪ್ರೋಟೀನಿನ ಮೂಲಕ ಪಕ್ಕದ ಕೋಶದ ನಾಚ್ ಪ್ರೋಟೀನನ್ನು ಚಾಲೂ ಮಾಡಿ, ನೀನು ಈಗಲೇ ನರಕೋಶ ಆಗಬೇಡ ಅಂತ ತಡೆಯುತ್ತದೆ. ಇದು ನಡೆಯಬೇಕಾದರೆ ಡೆಲ್ಟಾವನ್ನು ಆ ಮೊದಲ ಕೋಶ ತನ್ನೊಳಗೆ ಎಳೆದುಕೊಳ್ಳಬೇಕು. ಆ ಕೆಲಸಕ್ಕೆ ಮಿಬ್1 ಬೇಕೇ ಬೇಕು. ಅದು ಕೆಟ್ಟರೆ ತಡೆಯುವವರೇ ಇಲ್ಲ, ಶುರುವಿನಲ್ಲೇ ನರಕೋಶಗಳು ವಿಪರೀತ ಜಾಸ್ತಿ ಆಗುತ್ತವೆ, ಆಮೇಲೆ ಹುಟ್ಟಬೇಕಾದ ಬೇರೆ ಬಗೆಯ ಕೋಶಗಳಿಗೆ ಮೂಲಕೋಶಗಳೇ ಉಳಿಯುವುದಿಲ್ಲ! ಒಂದು ಜೀನ್ ಕೈಕೊಟ್ಟರೆ ಎಷ್ಟೆಲ್ಲ ಏರುಪೇರಾಗುತ್ತದೆ ಅನ್ನೋದು ಇಲ್ಲಿಯ ದಾಖಲೆಗಳನ್ನು ಒಂದರ ಕೆಳಗೊಂದು ನೋಡುವಾಗ ಮನಸ್ಸಿಗೆ ನಾಟುತ್ತದೆ.

ಹಳೆಯ ಹೆಸರಿನಲ್ಲಿ ಹುಡುಕಿದರೂ ಸರಿಯಾದ ಪುಟಕ್ಕೇ ಹೋಗಬಹುದು. ಅಸೆರಿಬೆಲ್ಲರ್ ಅಂತ ಟೈಪ್ ಮಾಡಿದರೆ ಎಫ್‌ಜಿಎಫ್8ಎ ಜೀನ್‌ನ ಪುಟ ಸಿಗುತ್ತದೆ. ಆ ಜೀನ್ ಕೆಟ್ಟುಹೋದ ಮೀನಿಗೆ ಕಿರುಮಿದುಳೇ ಇರುವುದಿಲ್ಲ.

ಅರ್ಧ ಸ್ಟಾರ್ ಕಳೆದಿದ್ದು ಚಿತ್ರಗಳಿಗಾಗಿ. ಕಾಪಿರೈಟ್ ಕಾರಣಕ್ಕೆ ಕೆಲವು ಲೇಖನಗಳ ಚಿತ್ರ ಇಲ್ಲಿ ಕಾಣುವುದಿಲ್ಲ, ಮೂಲ ಲೇಖನವನ್ನೇ ಹುಡುಕಬೇಕು. ಹೊಸಬರಿಗೆ ಅಂಗಗಳ ಹೆಸರುಗಳೂ ಸ್ವಲ್ಪ ಕಷ್ಟ.

ಬಳಸುವಾಗ ಒಂದು ಎಚ್ಚರ ಇರಲಿ. ದೋಷದ ವಿವರ ಬಂದಿದ್ದು ಮ್ಯುಟೆಂಟ್ (ಜೀನೇ ಬದಲಾದ) ಮೀನಿನಿಂದಲೋ ಮಾರ್ಫೊಲಿನೊ (ಜೀನಿನ ಕೆಲಸವನ್ನು ತಾತ್ಕಾಲಿಕವಾಗಿ ತಡೆಯುವ ಕೃತಕ ಅಣು) ಚುಚ್ಚಿದ ಭ್ರೂಣದಿಂದಲೋ ಅಂತ ನೋಡಿಕೊಳ್ಳಿ. ಮಾರ್ಫೊಲಿನೊದಲ್ಲಿ ಕಂಡ ಎಷ್ಟೋ ದೋಷಗಳು ಮ್ಯುಟೆಂಟ್‌ನಲ್ಲಿ ಕಾಣಲಿಲ್ಲ ಅಂತ 2015ರಲ್ಲೇ ವರದಿಯಾಗಿದೆ. ಹಾಗಂತ ಮಾರ್ಫೊಲಿನೊ ಫಲಿತಾಂಶ ಎಲ್ಲ ಸುಳ್ಳು ಅಂತಲೂ ಅಲ್ಲ, ಮ್ಯುಟೆಂಟ್‌ನಲ್ಲಿ ಕೆಲವೊಮ್ಮೆ ಬೇರೆ ಜೀನ್‌ಗಳು ಆ ಕೆಲಸ ವಹಿಸಿಕೊಳ್ಳುತ್ತವೆ. ಜೊತೆಗೆ ಈ ಮೀನಿನಲ್ಲಿ ಹಲವು ಜೀನ್‌ಗಳಿಗೆ ಎರಡೆರಡು ಪ್ರತಿ ಇವೆ. ಉದಾಹರಣೆಗೆ, ಪ್ಯಾಕ್ಸ್6ಎ ಜೀನ್‌ನ ಪುಟ ಓದಿದವರು ಅದರ ಜೋಡಿ ಪ್ಯಾಕ್ಸ್6ಬಿ ಪುಟವನ್ನೂ ತೆರೆದು ನೋಡಿ.