ಹಳೇ ಶೆವೆಲ್‌ಗೆ ಹೊಸ ಇಂಜಿನ್ ತರಿಸಿದೆ, ಮೋಸ ಹೋದೆ: ನೀವು ಹುಷಾರಾಗಿರಿ

ಅಮೆರಿಕದಲ್ಲಿರುವ ನಮ್ಮವರಲ್ಲಿ ಹಳೇ ಮಸಲ್ ಕಾರಿನ (ದೊಡ್ಡ ಇಂಜಿನ್ ಇರುವ ಜೋರು ಅಮೆರಿಕನ್ ಕಾರು) ಆಸೆ ಇರುವವರು ಈಗ ಜಾಸ್ತಿ ಆಗುತ್ತಿದ್ದಾರೆ. ಕಳೆದ ತಿಂಗಳು ಗೆಳೆಯರೊಬ್ಬರು ಫೋನ್ ಮಾಡಿ, ‘ನನ್ನ ಕಮಾರೊಗೆ ಹೊಸ ಇಂಜಿನ್ ಆರ್ಡರ್ ಮಾಡ್ತಿದ್ದೀನಿ, ನಾಳೆ ದುಡ್ಡು ಕಳಿಸ್ತೀನಿ’ ಅಂದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅವರಿಗೆ ಅವತ್ತು ಒಂದು ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್‌ನಿಂದ ಅರ್ಧ ಗಂಟೆಯ ದಾರಿ. ಇಲ್ಲಿ ವುಡ್‌ವರ್ಡ್ ಅವೆನ್ಯೂ ಅಂತ ಒಂದು ರಸ್ತೆ ಇದೆ. 1995ರಲ್ಲಿ ಶುರುವಾದ ಡ್ರೀಮ್ ಕ್ರೂಸ್ ಅನ್ನುವ ಹಳೇ ಕಾರುಗಳ ಮೆರವಣಿಗೆ ಆಗಸ್ಟ್‌ನ ಮೂರನೇ ಶನಿವಾರ ಅದೇ ರಸ್ತೆಯಲ್ಲಿ ನಡೆಯುತ್ತದೆ. ಸಾವಿರಾರು ಹಳೇ ಕಾರು ಸಾಲಾಗಿ ಬರುತ್ತವೆ, ಜನ ಫುಟ್‌ಪಾತ್ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನೂ ಹಲವು ವರ್ಷ ಹಾಗೇ ಕೂತು ನೋಡಿದೆ. ಆಮೇಲೆ ಒಂದು ಶೆವ್ರೊಲೆ ಶೆವೆಲ್ ಮಾಲಿಬು ತೆಗೆದುಕೊಂಡೆ. 1970ರ ಮಾಡೆಲ್. ಎಲ್ಲರೂ ಹುಡುಕುವ ಜೋರು ಮಾಡೆಲ್‌ಗಳಾದ ಎಸ್‌ಎಸ್ 396, 454 ಅಲ್ಲ. ಸಾಧಾರಣ 307 ಇಂಜಿನ್ (ಈ ಅಂಕೆ ಇಂಜಿನ್ ಗಾತ್ರ, ಘನ ಇಂಚಿನಲ್ಲಿ), ಕಂಪನಿ ಲೆಕ್ಕದಲ್ಲಿ 200 ಅಶ್ವಶಕ್ತಿ. ಆದರೆ ಮೈಕಟ್ಟು ಅದೇ. ಅದರ ಬಾನೆಟ್ ಮೇಲೆ ಕೈ ಆಡಿಸಿದರೆ ಖುಷಿಯಾಗುತ್ತಿತ್ತು.

ಎರಡು ವರ್ಷ ಓಡಿಸಿದ ಮೇಲೆ 307 ಆಯಿಲ್ ಕುಡಿಯಲು ಶುರು ಮಾಡಿತು. ಎರಡು ಸಿಲಿಂಡರ್‌ನಲ್ಲಿ ಕಂಪ್ರೆಶನ್ ಬಿದ್ದುಹೋಗಿತ್ತು. ಊರಿನ ಮೆಷಿನ್ ಶಾಪ್‌ನವರು ಬೋರ್ ಮಾಡಿ (ಸವೆದ ಸಿಲಿಂಡರ್ ಒಳಗೋಡೆ ಕೊರೆದು ಸರಿಮಾಡಿ) ಪೂರ್ತಿ ಕಟ್ಟಿಕೊಡಲು ಮೂರು ನಾಲ್ಕು ತಿಂಗಳು ಬೇಕು ಅಂದರು. ನನಗೆ ಆಗಸ್ಟ್ ಒಳಗೆ ಬೇಕಿತ್ತು. ಅಷ್ಟರಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಹೊಚ್ಚ ಹೊಸ 350 ಇಂಜಿನ್, ಎಲ್ಲಾ ಹೊಸ ಪಾರ್ಟ್, ಟೆಸ್ಟ್ ಮಾಡಿದ್ದು, 24 ತಿಂಗಳ ವಾರಂಟಿ, ಎರಡು ವಾರದಲ್ಲಿ ಮನೆಗೆ. ಬೆಲೆ 4,150 ಡಾಲರ್, ಲಾರಿ ಬಾಡಿಗೆ 340. ದುಡ್ಡನ್ನು ವೈರ್ ಮೂಲಕ, ಅಂದರೆ ಬ್ಯಾಂಕಿನಿಂದ ನೇರವಾಗಿ, ಕಳಿಸಿದರೆ ನೂರು ಡಾಲರ್ ಕಡಿಮೆ ಮಾಡುತ್ತೇವೆ ಅಂದರು. ಕಳಿಸಿಬಿಟ್ಟೆ. ಆ ನೂರು ಡಾಲರ್ ಆಸೆಗೆ ಬೀಳಬೇಡಿ. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ಕಡೆಯಿಂದ ತಕರಾರು ಹಾಕುವ ದಾರಿಯಾದರೂ ಇರುತ್ತಿತ್ತು. ವೈರ್ ಹೋದರೆ ಹೋಯಿತು.

ಇಂಜಿನ್ ಬಂತು. ಮರದ ಕ್ರೇಟ್, ಒಳಗೆ ಪ್ಲಾಸ್ಟಿಕ್ ಸುತ್ತಿದ ಕಿತ್ತಳೆ ಬಣ್ಣದ ಬ್ಲಾಕ್. ಮಗಳು ‘ಅಪ್ಪ, ಹೊಸ ಆಟದ ಸಾಮಾನಿನ ಹಾಗಿದೆ’ ಅಂದಳು. ಗ್ಯಾರೇಜ್‌ನಲ್ಲಿ ಜಾಗ ಇರಲಿಲ್ಲ. ಹಳೇ 307 ಇಳಿಸಿ, ಗುಜರಿಯವರು ಬಂದಾಗ ನೂರು ಡಾಲರ್‌ಗೆ ಕೊಟ್ಟೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಕೂರಿಸುವಾಗಲೇ ತೊಂದರೆ ಶುರುವಾಯಿತು. ‘1955ರಿಂದ ಸ್ಮಾಲ್ ಬ್ಲಾಕ್ ಶೆವಿ ಎಲ್ಲಾ ಒಂದೇ’ ಅಂತ ಜನ ಹೇಳುತ್ತಾರೆ. 307, 350 ಎರಡೂ ಶೆವ್ರೊಲೆಯ ಈ ಸ್ಮಾಲ್ ಬ್ಲಾಕ್ ಜಾತಿಯ ಇಂಜಿನ್‌ಗಳೇ. ಹೊರಗಿನಿಂದ ನೋಡಿದರೆ ಹೌದು. ಆದರೆ 1986ರಿಂದ ಹಿಂದಿನ ಮೇನ್ ಸೀಲ್ (ಕ್ರ್ಯಾಂಕ್‌ಶಾಫ್ಟ್‌ನ ಹಿಂಬದಿಯಲ್ಲಿ ಆಯಿಲ್ ಸೋರದಂತೆ ತಡೆಯುವ ಬಳೆ) ಒಂದೇ ತುಂಡಿನದು. ಅದಕ್ಕೆ ಮುಂಚೆ ಎರಡು ತುಂಡಿನದು. ಕ್ರ್ಯಾಂಕ್‌ನ ಹಿಂಬದಿಯೇ ಬದಲಾಗಿದೆ, ಬೋಲ್ಟ್ ತೂತುಗಳ ವೃತ್ತ ಚಿಕ್ಕದು. ನನಗೆ ಬಂದದ್ದು ಈ ಹೊಸ ಬಗೆಯದು. ನನ್ನ ಹಳೇ ಫ್ಲೆಕ್ಸ್‌ಪ್ಲೇಟ್ (ಇಂಜಿನ್ ಅನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ತಟ್ಟೆ) ಕೂರಲೇ ಇಲ್ಲ. ಇಂಜಿನ್ ಕ್ರೇನ್‌ನಲ್ಲಿ ನೇತಾಡುತ್ತಿದೆ, ನಾನು ಅಂಗಡಿಗಳಿಗೆ ಫೋನ್ ಮಾಡುತ್ತಿದ್ದೇನೆ. ಸುಮ್ನೆ ಅದೇ ಅಳತೆಯ ಯಾವುದೋ ಒಂದನ್ನು ಹಾಕುವ ಹಾಗೂ ಇಲ್ಲ. ಒಂದೇ ತುಂಡಿನ ಸೀಲ್ ಇರುವ ಇಂಜಿನ್‌ಗೆ ಬ್ಯಾಲೆನ್ಸ್‌ಗಾಗಿ ಪ್ಲೇಟ್‌ನಲ್ಲೇ ತೂಕ ಇರಬೇಕು. ತಪ್ಪಿದರೆ ಇಂಜಿನ್ ನಡುಗುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಕೂಡ ಹಾಗೆ. 1979ರ ತನಕ ಡ್ರೈವರ್ ಕಡೆ ಇತ್ತು, 1980ರಿಂದ ಇನ್ನೊಂದು ಕಡೆ. ನನ್ನ ಹಳೇ ಎಗ್ಸಾಸ್ಟ್‌ಗೆ ಅದು ತಾಗುತ್ತಿತ್ತು. ನನ್ನ ಕಾರು 1970ರದ್ದು ಅಂತ ಆರ್ಡರ್ ಮಾಡುವಾಗಲೇ ಹೇಳಿದ್ದೆ. ಅವರು ಒಂದು ಮಾತೂ ಹೇಳಿರಲಿಲ್ಲ.

ಇರಲಿ, ಇದೆಲ್ಲ ದುಡ್ಡು ಕೊಟ್ಟರೆ ಸರಿಹೋಗುವ ವಿಷಯ. ನಿಜವಾದ ಪೆಟ್ಟು ಬಿದ್ದದ್ದು ಕ್ಯಾಮ್‌ಶಾಫ್ಟ್‌ನಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ಕೇಳದೇ ಬಿಟ್ಟ ಪ್ರಶ್ನೆ ಇದೇ. ವಾಲ್ವ್ ತೆರೆಯಲು ಕ್ಯಾಮ್‌ನ ಉಬ್ಬು ಲಿಫ್ಟರ್ ಅನ್ನು ಮೇಲೆ ತಳ್ಳುತ್ತದೆ. ಹಳೇ ಪದ್ಧತಿಯಲ್ಲಿ ಲಿಫ್ಟರ್ ತಳ ಉಬ್ಬಿನ ಮೇಲೆ ನೇರವಾಗಿ ಉಜ್ಜುತ್ತದೆ. ಇದಕ್ಕೆ ಫ್ಲಾಟ್ ಟ್ಯಾಪೆಟ್ ಅನ್ನುತ್ತಾರೆ. ಹೆಸರಿಗೆ ಫ್ಲಾಟ್ ಅಷ್ಟೇ. ತಳ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ, ಕ್ಯಾಮ್‌ನ ಮೈಯನ್ನೂ ಕೂದಲೆಳೆಯಷ್ಟು ಓರೆಯಾಗಿ ಅರೆದಿರುತ್ತಾರೆ. ಹಾಗಾಗಿ ಲಿಫ್ಟರ್ ಮೇಲೆ ಕೆಳಗೆ ಹೋಗುತ್ತಲೇ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ತಿರುಗುತ್ತಿರುವ ತನಕ ಕ್ಷೇಮ. ನಿಂತುಹೋದರೆ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಎರಡೂ ಸವೆದುಹೋಗುತ್ತವೆ. ಅದಕ್ಕೇ ಹೊಸ ಇಂಜಿನ್ ಮೊದಲ ಸಲ ಸ್ಟಾರ್ಟ್ ಆದ ತಕ್ಷಣ 2,000ರಿಂದ 2,500 ಆರ್‌ಪಿಎಮ್‌ನಲ್ಲಿ 20ರಿಂದ 30 ನಿಮಿಷ ಓಡಿಸಬೇಕು. ಕ್ಯಾಮ್‌ಗೆ ಆಯಿಲ್ ಬೀಳುವುದು ಬಹುಪಾಲು ಕ್ರ್ಯಾಂಕ್ ಎರಚುವುದರಿಂದ. ಐಡಲ್‌ನಲ್ಲಿ ಬಿಟ್ಟರೆ ಅದು ಸಾಲದು.

ಇನ್ನೊಂದು ವಿಷಯ ಆಯಿಲ್‌ನದು. ಹಿಂದಿನ ಇಂಜಿನ್ ಆಯಿಲ್‌ನಲ್ಲಿ ಜಿಂಕ್, ಫಾಸ್ಫರಸ್ ಸೇರಿದ ಒಂದು ರಾಸಾಯನಿಕ ಚೆನ್ನಾಗಿ ಇರುತ್ತಿತ್ತು. ಲೋಹ ಲೋಹಕ್ಕೆ ಉಜ್ಜುವ ಕಡೆ ಅದೇ ಕಾಪಾಡುತ್ತಿತ್ತು. ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ ಅದನ್ನು ಕಡಿಮೆ ಮಾಡುತ್ತಾ ಬಂದರು. 2004ರ ಎಸ್‌ಎಮ್ ದರ್ಜೆಯ ತೆಳು ಆಯಿಲ್‌ನಲ್ಲಿ ಫಾಸ್ಫರಸ್‌ಗೆ ಶೇ. 0.08ರ ಮಿತಿ ಹಾಕಿದರು. ಇವತ್ತಿನ ಕಾರುಗಳಿಗೆ ಅದು ಸರಿ. ಫ್ಲಾಟ್ ಟ್ಯಾಪೆಟ್ ಇರುವ ಹೊಸ ಇಂಜಿನ್‌ಗೆ ಸಾಲದು. ಅದಕ್ಕೆ ಬ್ರೇಕ್‌ಇನ್ ಆಯಿಲ್ ಅಂತಲೇ ಬೇರೆ ಸಿಗುತ್ತದೆ.

ಜನರಲ್ ಮೋಟರ್ಸ್‌ನವರೇ 1987ರಿಂದ ಸ್ಮಾಲ್ ಬ್ಲಾಕ್‌ಗೆ ರೋಲರ್ ಕ್ಯಾಮ್ ಹಾಕಲು ಶುರು ಮಾಡಿದ್ದರು. ಅದರಲ್ಲಿ ಲಿಫ್ಟರ್ ತಳಕ್ಕೆ ಪುಟ್ಟ ಚಕ್ರ ಇರುತ್ತದೆ, ಉಜ್ಜುವ ಮಾತೇ ಇಲ್ಲ. ಹೊಸದಾಗಿ ಕಟ್ಟಿದ ಇಂಜಿನ್ ಅಂದಮೇಲೆ ರೋಲರ್ರೇ ಇರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಇರಲಿಲ್ಲ. ಬೆಲೆ ಇಳಿಸಲು ಫ್ಲಾಟ್ ಟ್ಯಾಪೆಟ್ ಹಾಕಿದ್ದರು. ಜೊತೆಗೆ ಬಂದ ಹಾಳೆಯಲ್ಲಿ ಅದು ಸಣ್ಣ ಅಕ್ಷರದಲ್ಲಿತ್ತು. ಸ್ಟಾರ್ಟ್ ಮಾಡುವ ಮುಂಚೆ ಅದನ್ನು ನೋಡಿ, ಅವರಿಗೇ ಫೋನ್ ಮಾಡಿ ಯಾವ ಆಯಿಲ್ ಹಾಕಲಿ ಅಂತ ಕೇಳಿದೆ. ‘ಯಾವ 10ಡಬ್ಲ್ಯೂ30 ಆದರೂ ಸರಿ’ ಅಂದರು. ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿದೆ. ಡ್ರಿಲ್ ಹಾಕಿ ಆಯಿಲ್ ಪಂಪ್ ತಿರುಗಿಸಿ ಪ್ರೈಮ್ ಮಾಡಿದೆ. 2,200ರಲ್ಲಿ 25 ನಿಮಿಷ ಓಡಿಸಿದೆ. ಆಯಿಲ್ ಬದಲಿಸಿದೆ. ಇಂಜಿನ್ ಚೆನ್ನಾಗಿಯೇ ಹಾಡುತ್ತಿತ್ತು.

ಸುಮಾರು 400 ಮೈಲಿ ಓಡಿದ ಮೇಲೆ, ಜುಲೈ ಕೊನೆಗೆ, ಟಿಕ್ ಟಿಕ್ ಅಂತ ಸದ್ದು ಬಂತು. ಎರಡು ದಿನದಲ್ಲಿ ಕಾರ್ಬುರೇಟರ್ ಒಳಗಿಂದ ಪಟ್ ಅಂತ ಸಿಡಿಯಲು ಶುರುವಾಯಿತು. ವಾಲ್ವ್ ಕವರ್ ತೆಗೆದು, ಹೆಂಡತಿಗೆ ಕೀ ತಿರುಗಿಸಲು ಹೇಳಿ ನೋಡಿದೆ. ಆರನೇ ಸಿಲಿಂಡರ್‌ನ ಎಗ್ಸಾಸ್ಟ್ ರಾಕರ್ (ವಾಲ್ವ್ ಒತ್ತಿ ತೆರೆಯುವ ಸಣ್ಣ ತೋಳು) ಅಲುಗಾಡುವುದೇ ಕಷ್ಟವಾಗಿತ್ತು. ಪಕ್ಕದವೆಲ್ಲ ಪೂರ್ತಿ ಎದ್ದು ಕೂರುತ್ತಿದ್ದವು, ಇದು ಮಾತ್ರ ನಿದ್ದೆಗಣ್ಣಿನಲ್ಲಿ ತಲೆ ಆಡಿಸಿದ ಹಾಗೆ. ಸುಟ್ಟ ಗಾಳಿ ಹೊರಗೆ ಹೋಗಲು ದಾರಿ ಇಲ್ಲದೆ ಕಾರ್ಬುರೇಟರ್ ಕಡೆಗೆ ವಾಪಸ್ ಬರುತ್ತಿತ್ತು.

ಆಯಿಲ್ ಫಿಲ್ಟರ್ ಬಿಚ್ಚಿ ಡಬ್ಬಿ ಕತ್ತರಿಸಿದೆ. ಒಳಗಿನ ಕಾಗದದ ಮಡಿಕೆಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿ, ಗ್ಯಾರೇಜ್ ಬಾಗಿಲಲ್ಲಿ ಬಿಸಿಲಿಗೆ ಹಿಡಿದೆ. ಚಿಕ್ಕಂದಿನಲ್ಲಿ ಮಣ್ಣಿನಲ್ಲಿ ಕಾಗೆಬಂಗಾರ ಹೊಳೆಯುವುದನ್ನು ನೋಡಿದ್ದೀರಲ್ಲ, ಹಾಗೆ ಹೊಳೆಯಿತು. ಪ್ರತಿ ಮಡಿಕೆಯಲ್ಲೂ. ಮ್ಯಾಗ್ನೆಟ್ ಹಿಡಿದರೆ ಬಹುಪಾಲು ಅಂಟಿಕೊಂಡಿತು, ಅದು ಕ್ಯಾಮ್, ಲಿಫ್ಟರ್‌ನ ಕಬ್ಬಿಣ. ಉಳಿದದ್ದು ಅಂಟಲಿಲ್ಲ. ಅದು ಬೇರಿಂಗ್. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕ್ಯಾಮ್ ಒಂದೇ ಹೋಗಿದ್ದರೆ ಕ್ಯಾಮ್ ಬದಲಿಸಬಹುದಿತ್ತು. ಆ ಪುಡಿ ಆಯಿಲ್ ಜೊತೆ ಇಡೀ ಇಂಜಿನ್ ಸುತ್ತಿ, ಬೇರಿಂಗ್‌ಗಳನ್ನೆಲ್ಲ ಕೊರೆದಿತ್ತು. ಆಮೇಲೆ ಲಿಫ್ಟರ್ ಹೊರಗೆ ತೆಗೆದಾಗ, ಉಬ್ಬಿರಬೇಕಾದ ತಳ ಸಾಸರ್ ಹಾಗೆ ಗುಳಿ ಬಿದ್ದಿತ್ತು.

ಮಾರಿದವರಿಗೆ ಫೋಟೊ ಕಳಿಸಿದೆ. ಜಿಂಕ್ ಇರುವ ಆಯಿಲ್ ಹಾಕಿದ ರಸೀದಿ ಕೊಡಿ ಅಂದರು. ನೀವೇ ಫೋನ್‌ನಲ್ಲಿ ಹೀಗೆ ಹೇಳಿದಿರಲ್ಲ ಅಂದೆ. ಬರಹದಲ್ಲಿ ಇದೆಯಾ ಅಂದರು. ಇರಲಿಲ್ಲ. ವಾರಂಟಿ ಹಾಳೆಯನ್ನು ಅವತ್ತು ಮೊದಲ ಸಲ ಪೂರ್ತಿ ಓದಿದೆ. ಪಾರ್ಟ್‌ಗೆ ಮಾತ್ರ ವಾರಂಟಿ, ಬಿಚ್ಚಿ ಹಾಕುವ ಕೂಲಿ ಇಲ್ಲ. ವಾಪಸ್ ಕಳಿಸುವ ಲಾರಿ ಬಾಡಿಗೆ ನನ್ನದು. ಕೊನೆಯ ಸಾಲಿನಲ್ಲಿ, ಫ್ಲಾಟ್ ಟ್ಯಾಪೆಟ್ ಕ್ಯಾಮ್‌ಗೂ ಲಿಫ್ಟರ್‌ಗೂ ಅದರಿಂದ ಆಗುವ ಹಾನಿಗೂ ವಾರಂಟಿಯೇ ಇಲ್ಲ. ಜಾಹೀರಾತಿನಲ್ಲಿ ‘ಟೆಸ್ಟ್ ಮಾಡಿದ್ದು’ ಅಂತ ಇತ್ತಲ್ಲ, ಆ ರಿಪೋರ್ಟ್ ಕೊಡಿ ಅಂತ ಕೇಳಿದೆ. ಅವರ ಟೆಸ್ಟ್ ಅಂದರೆ ಪೆಟ್ರೋಲ್ ಹಾಕದೆ, ಕರೆಂಟ್ ಮೋಟರ್‌ನಿಂದ ಇಂಜಿನ್ ತಿರುಗಿಸಿ ಆಯಿಲ್ ಪ್ರೆಶರ್ ನೋಡುವುದು. ಆ ಇಂಜಿನ್ ನನ್ನ ಗ್ಯಾರೇಜ್‌ಗೆ ಬರುವ ತನಕ ಒಮ್ಮೆಯೂ ಉರಿದೇ ಇರಲಿಲ್ಲ.

ಆದ್ದರಿಂದ ಗೆಳೆಯರಿಗೆ ಹೇಳಿದ್ದು ಇಷ್ಟು. ದುಡ್ಡು ಕೊಡುವ ಮುಂಚೆ ಇಮೇಲ್‌ನಲ್ಲಿ ಕೇಳಿ, ಇಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ. ಕ್ಯಾಮ್ ರೋಲರ್ರೋ ಫ್ಲಾಟ್ ಟ್ಯಾಪೆಟ್ಟೋ? ಫ್ಲಾಟ್ ಆದರೆ ಯಾವ ಆಯಿಲ್, ಹೆಸರು ಸಮೇತ? ಇಂಜಿನ್ ಅನ್ನು ಪೆಟ್ರೋಲ್‌ನಲ್ಲಿ ಓಡಿಸಿ ನೋಡಿದ್ದಾರಾ, ನಿಮ್ಮ ಇಂಜಿನ್ ನಂಬರ್ ಇರುವ ಡೈನೊ ಶೀಟ್ (ಓಡಿಸಿ ಶಕ್ತಿ ಅಳೆದ ವರದಿ) ಕೊಡುತ್ತಾರಾ? ಹಿಂದಿನ ಸೀಲ್ ಯಾವುದು, ಮೆಕಾನಿಕಲ್ ಫ್ಯುಯಲ್ ಪಂಪ್ ಕೂರಿಸಲು ಜಾಗ ಇದೆಯಾ? ವಾರಂಟಿ ಹಾಳೆ ಮೊದಲೇ ಕಳಿಸಲು ಹೇಳಿ. ಕಳಿಸಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಬಿಡಿ. ಕೂಲಿ ಸಿಗುತ್ತದಾ ಅನ್ನುವುದನ್ನು ಖಂಡಿತ ನೋಡಿ. ನನಗೆ ಇಂಜಿನ್‌ಗಿಂತ ಅದರ ಸುತ್ತಲಿನ ಖರ್ಚೇ ಸುಸ್ತು ಮಾಡಿತು. ಹೊಸ ಇಂಜಿನ್ ಮಾರುವವರೆಲ್ಲ ಹೀಗೆ ಅಂತ ನಾನು ಹೇಳುತ್ತಿಲ್ಲ. ಓಡಿಸಿ, ಶೀಟ್ ಜೊತೆ ಕೊಡುವವರೂ ಇದ್ದಾರೆ, ಬೆಲೆ ಜಾಸ್ತಿ. ಆ ಜಾಸ್ತಿ ಬೆಲೆ ಕೊಡಿ.

ಮತ್ತೆ ಹಳೇ ಇಂಜಿನ್. ದಯವಿಟ್ಟು ಕೊಡಬೇಡಿ. ಎಷ್ಟೇ ಹೊಗೆ ಬಿಡಲಿ, ಪ್ಲಾಸ್ಟಿಕ್ ಸುತ್ತಿ ಮೂಲೆಯಲ್ಲಿಡಿ. ನನ್ನ 307 ಬ್ಲಾಕ್‌ನ ಮುಂದುಗಡೆ, ಪ್ಯಾಸೆಂಜರ್ ಕಡೆಯ ಹೆಡ್ ಎದುರಿಗೆ ಒಂದು ಸಣ್ಣ ಸಮತಟ್ಟು ಜಾಗ ಇತ್ತು. ಅಲ್ಲಿ ಕಂಪನಿ ನನ್ನ ಕಾರಿಗೆ ಕೊಟ್ಟ ಗುರುತಿನ ನಂಬರ್‌ನ ಕೊನೆಯ ಅಂಕೆಗಳನ್ನೇ ಹೊಡೆದಿದ್ದರು. ಐವತ್ತು ವರ್ಷ ಅವೆರಡೂ ಜೊತೆಗಿದ್ದವು, ನಾನು ಬೇರೆ ಮಾಡಿದೆ. ಆಮೇಲೆ ಗುಜರಿಯವರನ್ನು ಹುಡುಕಿಕೊಂಡು ಹೋದೆ. ಕರಗಿಸಲು ಕಳಿಸಿಯಾಗಿತ್ತು. ಈ ಒಂದು ವಿಷಯ ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ. ನಮ್ಮಪ್ಪ ತಿಪಟೂರಿನಲ್ಲಿ ಅಂಬಾಸಿಡರ್ ಇಟ್ಟುಕೊಂಡಿದ್ದರು. ಎರಡು ಸಲ ಬೋರ್ ಮಾಡಿಸಿದರು. ಎರಡು ಸಲವೂ ಬ್ಲಾಕ್ ಜೊತೆಗೇ ತುಮಕೂರಿಗೆ ಹೋಗಿ, ಕೆಲಸ ಮುಗಿಯುವ ತನಕ ಮೆಷಿನ್ ಪಕ್ಕದಲ್ಲೇ ನಿಂತಿದ್ದರು.

ಕೊನೆಗೆ ಆ 350ಯನ್ನೇ ಊರಿನ ಮೆಷಿನ್ ಶಾಪ್‌ಗೆ ಕೊಟ್ಟೆ, ಮೊದಲು ಮೂರು ನಾಲ್ಕು ತಿಂಗಳು ಅಂದಿದ್ದರಲ್ಲ, ಅವರಿಗೇ. ಕ್ರ್ಯಾಂಕ್ ಪಾಲಿಶ್, ಎಲ್ಲಾ ಬೇರಿಂಗ್ ಹೊಸದು, ರೋಲರ್ ಕ್ಯಾಮ್. ಇನ್ನೂ 3,600 ಡಾಲರ್. ಅಲ್ಲಿನ ಹಿರಿಯ ಮೆಕ್ಯಾನಿಕ್ ನನ್ನನ್ನು ಕರೆಸಿ, ಇಂಜಿನ್ ಅನ್ನು ಸ್ಟ್ಯಾಂಡ್ ಮೇಲೆ ಅರ್ಧ ಗಂಟೆ ನನ್ನ ಎದುರಿಗೇ ಓಡಿಸಿದರು. ಆಫ್ ಮಾಡಿ, ಫಿಲ್ಟರ್ ಬಿಚ್ಚಿ, ಕತ್ತರಿಸಿ, ಕಾಗದವನ್ನು ನನ್ನ ಕೈಗೆ ಕೊಟ್ಟು ‘ನೀವೇ ನೋಡಿ’ ಅಂದರು. ಬಾಗಿಲ ಹತ್ತಿರ ಬೆಳಕಿಗೆ ಹೋಗಿ ಒಂದೊಂದೇ ಮಡಿಕೆ ಬಿಡಿಸಿದೆ. ಎರಡು ಮೂರು ಚುಕ್ಕೆ ಬಿಟ್ಟರೆ ಬರೀ ಆಯಿಲ್.