ಒಂದು ಚೀಲ ಅಂದರೆ ಎಷ್ಟು ಕೆಜಿ? ಎಐ ಏಜೆಂಟ್‌ಗೆ ಟೂಲ್ ವಿವರಿಸಲು ನಾನು ನೋಡಿದ ಮೂರು ದಾರಿ

ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟು ತಂದ ವಿವರಣೆ ಕೈಕೊಟ್ಟಿತು. ನಾನೇ ಕೂತು ಬರೆದದ್ದು ಕೆಲಸಕ್ಕೆ ಬಂತು.

ಕಲಬುರಗಿ ನೆಹರೂ ಗಂಜ್‌ನ ಒಂದು ಅಡತ್ (ದಲ್ಲಾಳಿ) ಅಂಗಡಿಗೆ ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ತೊಗರಿ ಆವಕ, ತೂಕ, ಹಮಾಲಿ, ರೈತರ ಪಟ್ಟಿ (ಅಂದರೆ ಮಾಲಿನ ಬಿಲ್), ಇಷ್ಟೇ. ಮೊಬೈಲ್‌ನಲ್ಲಿ ಕನ್ನಡದಲ್ಲಿ ಹೇಳಿದರೆ ಸಾಕು, ಪಟ್ಟಿ ತಯಾರಾಗಬೇಕು ಅಂತ ಸಾಹುಕಾರರು ಹಟ ಹಿಡಿದರು. ಅಂದರೆ ಮಧ್ಯೆ ಒಂದು ಎಐ ಏಜೆಂಟ್ ಕೂತು ನನ್ನ ಟೂಲ್‌ಗಳನ್ನು, ಅಂದರೆ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಕೆಲಸ ಮಾಡುವ ತುಣುಕುಗಳನ್ನು, ತಾನೇ ನಡೆಸಬೇಕು. ಅದು ನನ್ನ ಕೋಡ್ ತೆರೆದು ನೋಡುವುದಿಲ್ಲ. ಟೂಲ್‌ನ ಹೆಸರು, ಅದರ ಕೆಳಗಿನ ವಿವರಣೆ, ಏನೇನು ತುಂಬಬೇಕು ಅನ್ನುವ ವಿವರ, ಇಷ್ಟನ್ನೇ ಓದಿ ಕೆಲಸಕ್ಕೆ ಇಳಿಯುತ್ತದೆ.

ಮೊದಲು ನಾನು ಸೋಮಾರಿತನ ಮಾಡಿದೆ. ಕೋಡ್ ಕೊಟ್ಟರೆ ಡಾಕ್ಯುಮೆಂಟೇಶನ್ ತಾನೇ ಬರೆಯುವ ಒಂದು ಸೇವೆಗೆ ವರ್ಷದ ಚಂದಾ ಕಟ್ಟಿದೆ. ಹತ್ತು ನಿಮಿಷದಲ್ಲಿ ಅಂದವಾದ ಓಪನ್‌ಎಪಿಐ ಫೈಲ್ ಬಂತು. ಒಂದು ಸಾಫ್ಟ್‌ವೇರ್‌ಗೆ ಏನು ಕಳಿಸಬೇಕು, ಏನು ವಾಪಸ್ ಬರುತ್ತದೆ ಅಂತ ಬರೆದಿಡುವ ಪದ್ಧತಿ ಅದು, ಹಿಂದೆ ಸ್ವ್ಯಾಗರ್ ಅಂತಿದ್ದರಲ್ಲ, ಅದೇ. ನೋಡೋಕೆ ಎಲ್ಲಾ ಸರಿ ಇತ್ತು.

ಪರೀಕ್ಷೆಗೆ ಅಂತ ದರದ ಜಾಗದಲ್ಲಿ 2025-26ರ ಬೆಂಬಲ ಬೆಲೆಯನ್ನೇ ಹಾಕಿದ್ದೆ, ಕ್ವಿಂಟಲ್‌ಗೆ 8,000 ರೂಪಾಯಿ. ಮುನೀಮರು ಮೊಬೈಲ್ ಹಿಡಿದು "40 ಚೀಲ ತೊಗರಿ, ಪಟ್ಟಿ ಮಾಡು" ಅಂದರು. ಆ ಅಂಗಡಿಯಲ್ಲಿ ಚೀಲ ಅಂದರೆ 50 ಕೆಜಿ. 20 ಕ್ವಿಂಟಲ್, 1,60,000 ಬರಬೇಕು. ಬಂದದ್ದು 3,20,000. ಮುನೀಮರು ಕನ್ನಡಕ ಹಣೆಗೆ ಏರಿಸಿ, "ಏನ್ರೀ ಇದು, ಡಬಲ್ ಬಂದದಲ್ಲ! ಸಾಹುಕಾರ್ರು ನೋಡಿದ್ರ ನನ್ನ ಮನಿಗಿ ಕಳಸ್ತಾರ" ಅಂದರು.

ಆ ರಾತ್ರಿ ಫೈಲ್ ತೆರೆದೆ. ನನ್ನ ಕೋಡ್‌ನಲ್ಲಿ ಪ್ರಮಾಣ ತುಂಬುವ ಜಾಗದ ಹೆಸರು 'ಕ್ಯೂಟಿವೈ', ಕ್ವಾಂಟಿಟಿ ಅನ್ನೋದರ ಚಿಕ್ಕ ರೂಪ. ಅದಕ್ಕೆ ಆ ಸೇವೆ ಬರೆದ ವಿವರಣೆ: 'ವಸ್ತುವಿನ ಕ್ಯೂಟಿವೈ'. ಅಷ್ಟೇ! ಕೆಜಿಯೋ, ಕ್ವಿಂಟಲ್ಲೋ, ಚೀಲವೋ, ಸುದ್ದಿಯೇ ಇಲ್ಲ. ಅದಕ್ಕಾದರೂ ಎಲ್ಲಿಂದ ಗೊತ್ತಾಗಬೇಕು? ಕ್ವಿಂಟಲ್ ಅನ್ನೋದು ನನ್ನ ತಲೆಯಲ್ಲಿತ್ತು, ಕೋಡ್‌ನಲ್ಲಿ ಇರಲಿಲ್ಲ. ಏಜೆಂಟ್‌ಗೆ 40 ಅಂತ ಕೇಳಿಸಿತು, 40 ಅಂತ ತುಂಬಿತು. ಲೆಕ್ಕ ಅದನ್ನು ಕ್ವಿಂಟಲ್ ಅಂದುಕೊಂಡಿತು. ತಪ್ಪು ಅಂತ ಯಾರೂ ಹೇಳಲೇ ಇಲ್ಲ, ಯಾಕೆಂದರೆ 40 ಕ್ವಿಂಟಲ್ ಕೂಡ ಗಂಜ್‌ನಲ್ಲಿ ದಿನಾ ಬರುವ ಮಾಲೇ ಅಲ್ವಾ.

ಇನ್ನೊಂದು ಕಾಟ ಎರರ್‌ಗಳದ್ದು. ಏನು ತಪ್ಪಾದರೂ '400, ಬ್ಯಾಡ್ ರಿಕ್ವೆಸ್ಟ್' (ಕಳಿಸಿದ್ದು ಸರಿಯಿಲ್ಲ) ಅಂತ ಒಂದೇ ಸಾಲು. ಏಜೆಂಟ್ ಅದೇ ತಪ್ಪನ್ನು ಮತ್ತೆ ಮತ್ತೆ ಕಳಿಸಿ, ಸುಮ್ನೆ ನನ್ನ ಟೋಕನ್ ಬಿಲ್ ಏರಿಸಿತು (ಟೋಕನ್ ಅಂದರೆ ಎಐ ಓದುವ, ಬರೆಯುವ ಪದದ ತುಣುಕು, ದುಡ್ಡು ಅದರ ಲೆಕ್ಕದಲ್ಲಿ).

ಎರಡನೇ ದಾರಿ ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ. 2024ರ ಸೆಪ್ಟೆಂಬರ್‌ನಲ್ಲಿ ಎಐ ಸಂಶೋಧಕ ಜೆರೆಮಿ ಹೋವರ್ಡ್ ಮುಂದಿಟ್ಟದ್ದು. ಭಾಷಾ ಮಾದರಿಗಳು ಓದಲಿ ಅಂತ ಸೈಟ್‌ನಲ್ಲಿ ಇಡುವ ಸರಳ ಮಾರ್ಕ್‌ಡೌನ್ (ಬರೀ ಅಕ್ಷರಗಳ) ಫೈಲ್. ಪುಕ್ಕಟೆ. ನಾನು ಹಳೇ ಮ್ಯಾನುಯಲ್ಲನ್ನೇ ಅದಕ್ಕೆ ಸುರಿದೆ. ಅದರಲ್ಲಿ 'ಎಡಗಡೆಯ ಹಸಿರು ಬಟನ್ ಒತ್ತಿ' ಅಂತಿತ್ತು. ಏಜೆಂಟ್‌ಗೆ ಎಲ್ಲಿಯ ಬಟನ್! ನಾನು ಕೋಡ್ ಬರೆಯುವಾಗ ಸಹಾಯಕ್ಕಿರುವ ಎಐಗೆ ಮಾತ್ರ ಈ ಫೈಲ್ ಉಪಯೋಗವಾಯಿತು, ಹಾಗಾಗಿ ಇಟ್ಟುಕೊಂಡಿದ್ದೇನೆ.

ಮೂರನೆಯದು, ಎಂಸಿಪಿ ಸರ್ವರ್ ಮಾಡಿ ಒಂದೊಂದು ಟೂಲ್‌ಗೂ ಕೈಯಾರೆ ವಿವರಣೆ ಬರೆಯುವುದು. ಎಂಸಿಪಿ ಅಂದರೆ ಎಐ ಕಂಪನಿ ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್. ಈ ಕಡೆ ಏಜೆಂಟ್, ಆ ಕಡೆ ಟೂಲ್, ನಡುವೆ ಮಾತಾಡಲು ಒಂದು ಪದ್ಧತಿ. ಓಪನ್‌ಎಪಿಐ ಫೈಲ್‌ನಲ್ಲೂ ಇದೇ ವಿವರಣೆ ಕೈಯಾರೆ ಬರೆಯಬಹುದಿತ್ತು ಅನ್ನಿ. ಆದರೆ ರೆಡಿ ಸಿಕ್ಕಿದ ಮೇಲೆ ಯಾರು ಬರೆಯುತ್ತಾರೆ?

'ಕ್ಯೂಟಿವೈ' ಕಿತ್ತು 'ತೂಕ_ಕೆಜಿ' ಅಂತ ಮಾಡಿದೆ. ಕೆಳಗೆ ಬರೆದೆ: 'ನಿವ್ವಳ ತೂಕ, ಕೆಜಿಯಲ್ಲಿ. ಬಳಕೆದಾರರು ಚೀಲ ಅಂದರೆ, ಒಂದು ಚೀಲಕ್ಕೆ ಎಷ್ಟು ಕೆಜಿ ಅಂತ ಕೇಳು, ಊಹಿಸಬೇಡ.' ಈ ಟೂಲ್ ಯಾವಾಗ ಬಳಸಬಾರದು ಅನ್ನೋದನ್ನೂ ಸೇರಿಸಿದೆ. ಬರೀ ದರ ಕೇಳಿದರೆ ಪಟ್ಟಿ ಮಾಡಬೇಡ, ದರದ ಟೂಲ್‌ಗೆ ಹೋಗು ಅಂತ. ಎರರ್‌ಗಳಲ್ಲೂ ಮುಂದೆ ಏನು ಮಾಡಬೇಕು ಅಂತ ಬರೆದೆ. ಮೊದಲು ಎಲ್ಲಾ ಕನ್ನಡದಲ್ಲೇ ಇತ್ತು, ಏಜೆಂಟ್‌ಗೆ ಅರ್ಥವೂ ಆಗುತ್ತಿತ್ತು. ಆದರೆ ಕನ್ನಡ ಟೋಕನ್ ಜಾಸ್ತಿ ತಿನ್ನುತ್ತದೆ. ಕೊನೆಗೆ ವಿವರಣೆ ಇಂಗ್ಲಿಷ್‌ಗೆ ಹೋಯಿತು. ಚೀಲ, ಪಟ್ಟಿ, ಹಮಾಲಿ ಮಾತ್ರ ಕನ್ನಡದಲ್ಲೇ ಉಳಿದವು.

ನನ್ನ ಹತ್ತಿರ ಇರುವುದು 14 ಟೂಲ್. ನಾಲ್ಕು ಸಂಜೆ ಹಿಡಿಯಿತು, ಚಹಾ ಬಿಟ್ಟರೆ ಖರ್ಚಿಲ್ಲ. ನಿಮ್ಮಲ್ಲಿ 200 ಇದ್ದರೆ ಯಂತ್ರದಿಂದ ಕರಡು ತೆಗೆಸಿ, ಹಣ ಮತ್ತು ತೂಕ ಮುಟ್ಟುವ ಟೂಲ್‌ಗಳನ್ನಾದರೂ ಕೈಯಾರೆ ತಿದ್ದಿ. ನಾನಂತೂ ಚಂದಾ ಮುಂದುವರಿಸುವುದಿಲ್ಲ.

ಈಗ ಹೊಸ ವಿವರಣೆ ಬರೆದರೆ ಮೊದಲು ಮುನೀಮರಿಗೆ ಕನ್ನಡದಲ್ಲಿ ಓದಿ ಹೇಳುತ್ತೇನೆ. ಮೊನ್ನೆ 'ನಿವ್ವಳ ತೂಕ' ಅಂತ ಓದುತ್ತಿದ್ದಂತೆ ತಡೆದರು. "ನಿವ್ವಳ ಅಂದ್ರ ಬಾರದಾನ ಕಳದ ಮ್ಯಾಲಿಂದೋ, ಕಳೀದ ಮುಂಚಿಂದೋ? ನಿಮ್ಮ ಏಜೆಂಟ್‌ಗ ಬಾರದಾನ ಅಂದ್ರೇನು ಗೊತ್ತದ ಏನ್ರೀ?" ಖಾಲಿ ಚೀಲದ ತೂಕ ಕಳೆದೇ ಕೊಡಬೇಕು ಅಂತ ಅಲ್ಲೇ ಕೂತು ಇನ್ನೊಂದು ಸಾಲು ಸೇರಿಸಿದೆ.